ಆಪತ್ತಿನ ಕರೆಗೆ ಕೂಡಿಟ್ಟ ಕಾಸು

1968ರ ಫೆಬ್ರವರಿ 16. ಅಮೆರಿಕದ ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಪುಟ್ಟ ಊರಿನ ಪೊಲೀಸ್ ಠಾಣೆಯಲ್ಲಿ ಕೆಂಪು ಟೆಲಿಫೋನೊಂದು ಗಣಗಣಿಸಿತು. ಪುರಭವನದಿಂದ ಕರೆ ಮಾಡಿದವರು ರಾಜ್ಯ ಶಾಸನಸಭೆಯ ಸ್ಪೀಕರ್ ರ‍್ಯಾಂಕಿನ್ ಫೈಟ್. ರಿಸೀವರ್ ಎತ್ತಿದವರು ಸಂಸತ್ ಸದಸ್ಯ ಟಾಮ್ ಬೆವಿಲ್. ಬೆಂಕಿ ಬಿದ್ದಿರಲಿಲ್ಲ, ಕಳ್ಳತನವೂ ಆಗಿರಲಿಲ್ಲ. ಆದರೂ ಆ ಕರೆ ಚರಿತ್ರೆಗೆ ಸೇರಿತು. ಆ ದೇಶದಲ್ಲಿ 911 ಎಂಬ ತುರ್ತು ಸಂಖ್ಯೆಗೆ ಹೋದ ಮೊದಲ ಕರೆ ಅದು.

ಈ ಕಲ್ಪನೆ ಹೊಸದೇನಲ್ಲ. 1935ರಲ್ಲಿ ಲಂಡನ್ನಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತಾಗ, ನೆರೆಮನೆಯವರ ಕರೆ ಎಕ್ಸ್‌ಚೇಂಜಿನ ಸರದಿಯಲ್ಲೇ ಸಿಕ್ಕಿಬಿದ್ದಿತ್ತು. ಆ ದುರಂತದ ಫಲವಾಗಿ 1937ರಲ್ಲಿ ಅಲ್ಲಿ 999 ಬಂತು. ಅಮೆರಿಕದಲ್ಲಿ ಅಗ್ನಿಶಾಮಕ ಮುಖ್ಯಸ್ಥರ ಸಂಘ 1957ರಲ್ಲೇ ಒಂದೇ ಸಂಖ್ಯೆ ಬೇಕೆಂದಿತ್ತು. 1968ರ ಜನವರಿಯಲ್ಲಿ ಎ.ಟಿ. ಅಂಡ್ ಟಿ. ಕಂಪೆನಿ 911 ಅನ್ನು ಘೋಷಿಸಿತು. ಆ ದೈತ್ಯ ಕಂಪೆನಿಗಿಂತ ಮೊದಲೇ ಅದನ್ನು ಜಾರಿಗೆ ತಂದದ್ದು ಹೇಲಿವಿಲ್‌ನ ಸಣ್ಣ ಟೆಲಿಫೋನ್ ಕಂಪೆನಿ.

ಆದರೆ ಸಂಖ್ಯೆ ಕೊಡುವುದು ಸುಲಭ, ಕರೆಗೆ ಉತ್ತರಿಸುವುದು ದುಬಾರಿ. ಹಗಲೂ ರಾತ್ರಿ ಸಿಬ್ಬಂದಿ ಬೇಕು, ಅವರಿಗೆ ತರಬೇತಿ ಬೇಕು, ಪ್ರತ್ಯೇಕ ತಂತಿಗಳು ಬೇಕು. ಟೆಲಿಫೋನ್ ಎಕ್ಸ್‌ಚೇಂಜಿನ ಗಡಿಯೇ ಬೇರೆ, ಊರಿನ ಗಡಿಯೇ ಬೇರೆ; ಯಾರ ಕರೆ ಯಾವ ಠಾಣೆಗೆ ಹೋಗಬೇಕೆಂದು ತೀರ್ಮಾನಿಸಲು ವಿಳಾಸಗಳ ಪಟ್ಟಿ ಸಿದ್ಧವಾಗಬೇಕು. ಹೀಗಾಗಿ 1976ರ ಕೊನೆಗೂ 911 ಸೌಲಭ್ಯ ದೊರೆತದ್ದು ಸುಮಾರು ಶೇ 17ರಷ್ಟು ಜನರಿಗೆ ಮಾತ್ರ.

ಈ ಹಣ ಕೊಡುವವರು ಯಾರು? ಸ್ಥಳೀಯ ಆಡಳಿತಗಳ ಮುಖ್ಯ ಆದಾಯ ಆಸ್ತಿ ತೆರಿಗೆ. ಅದನ್ನು ಏರಿಸಿದರೆ ಮತದಾರರು ಮುನಿಯುತ್ತಾರೆ. ಆಗ ಕಣ್ಣಿಗೆ ಬಿದ್ದದ್ದು ಟೆಲಿಫೋನ್ ಬಿಲ್ಲು. ಟೆಲಿಫೋನ್ ತೆರಿಗೆಯೂ ಅಮೆರಿಕಕ್ಕೆ ಹಳೆಯದೇ. 1898ರಲ್ಲಿ ಸ್ಪೇನ್ ಮೇಲಿನ ಯುದ್ಧದ ವೆಚ್ಚಕ್ಕೆಂದು ದೂರದ ಕರೆಗಳ ಮೇಲೆ ಅದನ್ನು ಹಾಕಲಾಗಿತ್ತು. ಈ ಬಾರಿಯ ಉದ್ದೇಶ ಬೇರೆ. ಕ್ಯಾಲಿಫೋರ್ನಿಯಾ 1976ರಲ್ಲಿ ತುರ್ತು ಸೇವೆಗೆಂದೇ ಟೆಲಿಫೋನ್ ಬಳಕೆಯ ಮೇಲೆ ಮೇಲ್ತೆರಿಗೆ ವಿಧಿಸುವ ಕಾಯ್ದೆ ಮಾಡಿತು. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಶತಮಾನದ ಅಂತ್ಯಕ್ಕೆ ಶೇ 93ರಷ್ಟು ಜನರಿಗೆ 911 ಲಭ್ಯವಾಯಿತು.

ಈ ತೆರಿಗೆಗೆ ಒಂದು ಕೊರತೆಯಿದೆ. ಅನೇಕ ಕಡೆ ಅದು ಪ್ರತಿ ಸಂಪರ್ಕಕ್ಕೆ ಇಂತಿಷ್ಟು ಎಂದು ನಿಗದಿಯಾಗಿರುವುದರಿಂದ ಬಂಗಲೆಯವನಿಗೂ ಬಾಡಿಗೆ ಕೋಣೆಯವನಿಗೂ ಒಂದೇ ಹೊರೆ. ಆದರೂ ಜನ ಹೆಚ್ಚು ಗೊಣಗಲಿಲ್ಲ. ತಾವು ಕೊಡುವ ಕಾಸು ಯಾವುದಕ್ಕೆಂದು ಬಿಲ್ಲಿನಲ್ಲೇ ಬರೆದಿತ್ತಲ್ಲ!

ಎಡವಟ್ಟಾದದ್ದು ಆ ಬರಹ ಸುಳ್ಳಾದಾಗ. ಕೊರತೆ ಬಜೆಟ್ಟಿನ ರಾಜ್ಯಗಳು ಈ ನಿಧಿಗೆ ಕೈ ಹಾಕಿದವು. ನ್ಯೂಯಾರ್ಕ್ ಮೊಬೈಲ್ ಬಳಕೆದಾರರಿಂದ ತಿಂಗಳಿಗೆ 1.20 ಡಾಲರ್, ನ್ಯೂಜೆರ್ಸಿ 90 ಸೆಂಟ್ ವಸೂಲಿಗೆ ತೊಡಗಿದವು. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡಿಗರೂ ಇದನ್ನು ತೆತ್ತವರೇ. ಹಣದ ಬಹುಪಾಲು ಮಾತ್ರ ಬೇರೆ ಬಾಬತ್ತುಗಳಿಗೆ ಹರಿಯಿತು. 2008ರಲ್ಲಿ ಸಂಸತ್ತು ಕಾಯ್ದೆ ಮಾಡಿ, ಯಾವ ರಾಜ್ಯ ಹಣವನ್ನು ಬೇರೆಡೆಗೆ ತಿರುಗಿಸಿತೆಂದು ಪ್ರತಿವರ್ಷ ವರದಿ ಸಲ್ಲಿಸುವಂತೆ ಫೆಡರಲ್ ಸಂಪರ್ಕ ಆಯೋಗಕ್ಕೆ ಹೇಳಿತು. ಆಯೋಗದ ಲೆಕ್ಕದಂತೆ 2012ರಿಂದ 2018ರವರೆಗೆ ಹೀಗೆ ದಾರಿ ತಪ್ಪಿದ ಹಣ ನೂರು ಕೋಟಿ ಡಾಲರಿಗೂ ಹೆಚ್ಚು.

ಷಿಕಾಗೊ ನಗರದ ಜಾಣತನ ಇನ್ನೂ ಸೂಕ್ಷ್ಮವಾದದ್ದು. 2014ರಲ್ಲಿ ಅಲ್ಲಿನ ತುರ್ತು ಮೇಲ್ತೆರಿಗೆ ತಿಂಗಳಿಗೆ 2.50 ಡಾಲರಿನಿಂದ 3.90ಕ್ಕೆ ಏರಿತು. ಹಣ 911 ಸೇವೆಗೇ ಹೋಯಿತು, ನಿಜ. ಆದರೆ ಅದುವರೆಗೆ ಆ ಸೇವೆಗೆ ನಗರದ ಸಾಮಾನ್ಯ ನಿಧಿಯಿಂದ ಕೊಡುತ್ತಿದ್ದ ಹಣ ಉಳಿಯಿತು. ಹಾಗೆ ಉಳಿದದ್ದು ನಗರ ನೌಕರರ ಪಿಂಚಣಿ ನಿಧಿಯ ಕೊರತೆ ತುಂಬಲು ಒದಗಿತು. ಆಸ್ತಿ ತೆರಿಗೆ ಏರಿಸುವ ಕಷ್ಟ ಆ ವರ್ಷದ ಮಟ್ಟಿಗೆ ತಪ್ಪಿತು. 2018ರಲ್ಲಿ ಮೇಲ್ತೆರಿಗೆ ಐದು ಡಾಲರಾಯಿತು. ಕಾನೂನಿನ ಪ್ರಕಾರ ಎಲ್ಲವೂ ಸರಿ; ಆದರೆ ಹೆಚ್ಚು ಕೊಟ್ಟವನಿಗೆ ಅದೇ ಪ್ರಮಾಣದಲ್ಲಿ ಹೆಚ್ಚಿನ ಸೇವೆ ಸಿಗಲಿಲ್ಲ.

ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ನಂದಾದೀಪದ ಎಣ್ಣೆಗೆಂದು ಬಿಟ್ಟ ದತ್ತಿಗಳ ವಿವರವಿರುತ್ತದೆ. ಕೊನೆಯಲ್ಲಿ ಆ ದತ್ತಿಯನ್ನು ಅಪಹರಿಸಿದವರಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಟ್ಟಲಿ ಎಂಬಂಥ ಶಾಪವೂ ಇರುತ್ತದೆ. ಹೆಸರು ಹೇಳಿ ಎತ್ತಿದ ಹಣ ಕೈತಪ್ಪುವ ಭಯ ಅಂದೂ ಇತ್ತು. ಅಮೆರಿಕದಲ್ಲಿ ಆ ಶಾಪದ ಜಾಗವನ್ನು ವಾರ್ಷಿಕ ವರದಿ ತುಂಬಿದೆ. ನಡುರಾತ್ರಿ 911 ಒತ್ತಿದವನಿಗೆ ಈ ಲೆಕ್ಕಾಚಾರ ತಿಳಿಯದು. ಅತ್ತ ಕಡೆಯಿಂದ ದನಿಯೊಂದು ಕೇಳಿಸೀತೆಂದು ಅವನು ಕಾಯುತ್ತಿರುತ್ತಾನೆ. ಅದರ ಬೆಲೆಯನ್ನು ಅವನು ತಿಂಗಳು ತಿಂಗಳೂ ಮುಂಗಡವಾಗಿಯೇ ತೆತ್ತಿದ್ದಾನೆ.