ಅಮೆರಿಕಾದ ಪ್ರವಾಹ ವಿಮೆ: ಪರಿಹಾರದ ಕಾಗದಪತ್ರ ಮತ್ತು ಸಾರ್ವಜನಿಕರ ಅಭಿಪ್ರಾಯ

ನಮ್ಮ ಕರಾವಳಿಯ ಧರ್ಮಕೇಂದ್ರಗಳ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕಾದಲ್ಲಿದ್ದಾರೆ. ಟೆಕ್ಸಾಸ್, ಫ್ಲೋರಿಡಾ, ನ್ಯೂಜೆರ್ಸಿಯಂತಹ ಸಮುದ್ರತೀರದ ರಾಜ್ಯಗಳಲ್ಲಿ ಬ್ಯಾಂಕಿನ ಸಾಲ ಮಾಡಿ ಮನೆ ಕೊಂಡವರೂ ಅವರಲ್ಲಿದ್ದಾರೆ. ಅಲ್ಲಿ ಚಂಡಮಾರುತ ಬಂತೆಂಬ ಸುದ್ದಿ ಟಿವಿಯಲ್ಲಿ ಕಂಡಾಗ ‘ಮನೆಗೆ ಇನ್ಶೂರೆನ್ಸ್ ಇದೆಯಲ್ಲ’ ಎಂದು ಇಲ್ಲಿ ಹೆತ್ತವರು ಸಮಾಧಾನ ಪಟ್ಟುಕೊಳ್ಳುವುದುಂಟು. ಆದರೆ ಅಲ್ಲಿನ ಸಾಮಾನ್ಯ ಗೃಹವಿಮೆಯಲ್ಲಿ ಪ್ರವಾಹದ ಹಾನಿ ಸೇರುವುದಿಲ್ಲ. ಅದಕ್ಕೆ ಬೇರೆ ವಿಮೆ ಬೇಕು, ಮತ್ತು ಬಹುಪಾಲು ಮನೆಗಳ ಮಟ್ಟಿಗೆ ಅದು ಸರಕಾರದ ವಿಮೆ. ವಿಮೆ ಇದ್ದೂ ಪರಿಹಾರ ಕೈತಪ್ಪಿದವರು ಇದ್ದಾರೆ. ಕಾರಣ ಅನೇಕ ಬಾರಿ ನೀರಲ್ಲ, ಕಾಗದ.

1968ರಲ್ಲಿ ಅಮೆರಿಕಾ ಸಂಸತ್ತು ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯನ್ನು ಜಾರಿಗೆ ತಂದಿತು. ಈಗ ಅದನ್ನು ನಡೆಸುವುದು ‘ಫೆಮಾ’ ಎಂದು ಕರೆಯಲ್ಪಡುವ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆ. 1983ರಿಂದ ಖಾಸಗಿ ವಿಮಾ ಕಂಪೆನಿಗಳೂ ಈ ಪಾಲಿಸಿಯನ್ನು ತಮ್ಮ ಹೆಸರಿನಲ್ಲಿ ಮಾರುತ್ತವೆ. ಹಾಗಾಗಿ ಪಾಲಿಸಿಯ ಮೇಲೆ ಕಂಪೆನಿಯ ಹೆಸರಿದ್ದರೂ ಪರಿಹಾರದ ಹಣ ಸರಕಾರದ ಯೋಜನೆಯದು. ಒಂದು ಕುಟುಂಬ ವಾಸಿಸುವ ಮನೆಗೆ ಹೆಚ್ಚೆಂದರೆ 2.5 ಲಕ್ಷ ಡಾಲರ್, ಒಳಗಿನ ಸಾಮಾನುಗಳಿಗೆ 1 ಲಕ್ಷ ಡಾಲರ್‌ವರೆಗೆ ವಿಮೆ ಮಾಡಿಸಬಹುದು. ಸಾಮಾನ್ಯವಾಗಿ ಪಾಲಿಸಿ ಮಾಡಿಸಿದ 30 ದಿನಗಳ ನಂತರವೇ ಅದು ಜಾರಿಗೆ ಬರುತ್ತದೆ. ಮೋಡ ಕಟ್ಟಿದ ಮೇಲೆ ಮಾಡಿಸಿ ಪ್ರಯೋಜನವಿಲ್ಲ.

ನೀರು ಇಳಿದ ಮೇಲೆ ಕಾಗದದ ಕೆಲಸ ಶುರುವಾಗುತ್ತದೆ. ಮನೆಯವರು ತಡಮಾಡದೆ ಲಿಖಿತ ಮಾಹಿತಿ ಕೊಡಬೇಕು. ಹಾಳಾದ ಸಾಮಾನನ್ನೂ ಉಳಿದದ್ದನ್ನೂ ಬೇರೆ ಬೇರೆಯಾಗಿ ಇಡಬೇಕು. ಪ್ರತಿಯೊಂದು ವಸ್ತುವಿನ ಹೆಸರು, ಸಂಖ್ಯೆ, ಬೆಲೆ, ಆದ ನಷ್ಟ ಇವುಗಳ ಪಟ್ಟಿ ಮಾಡಿ, ಸಿಕ್ಕಿದಷ್ಟು ಬಿಲ್ಲು ರಶೀದಿಗಳನ್ನು ಲಗತ್ತಿಸಬೇಕು. ಕೆಸರು ತುಂಬಿದ ಮನೆಯಲ್ಲಿ ಫ್ರಿಜ್ಜಿನ ರಶೀದಿ ಎಲ್ಲಿಂದ ತರುವುದು ಎಂದು ಕೇಳಿದರೆ ಉತ್ತರವಿಲ್ಲ. ಆದ್ದರಿಂದಲೇ ಅನುಭವಸ್ಥರು ಮಳೆಗಾಲಕ್ಕೆ ಮುಂಚೆಯೇ ಒಂದೊಂದು ಕೋಣೆಯ ಫೋಟೋ ತೆಗೆದು ಬೇರೆ ಊರಿನ ಸಂಬಂಧಿಕರಿಗೆ ಕಳುಹಿಸಿಡಿ ಎನ್ನುತ್ತಾರೆ. ಸಾಮಾನುಗಳಿಗೆ ಹೊಸದರ ಬೆಲೆ ಸಿಗುವುದಿಲ್ಲ, ಸವಕಳಿ ಕಳೆದು ಉಳಿದ ಬೆಲೆ ಮಾತ್ರ. ಹತ್ತು ವರ್ಷದ ಸೋಫಾಕ್ಕೆ ಹತ್ತು ವರ್ಷದ ಸೋಫಾದ ಬೆಲೆ.

ನಮ್ಮಲ್ಲಿ ವಿಮಾ ಸರ್ವೇಯರ್ ಎನ್ನುವವರನ್ನು ಅಲ್ಲಿ ಅಡ್ಜಸ್ಟರ್ ಎನ್ನುತ್ತಾರೆ. ಅವರು ಬಂದು ಮನೆ ನೋಡಿ, ಗೋಡೆಯ ಮೇಲೆ ನೀರು ನಿಂತ ಗುರುತನ್ನು ಅಳೆದು ವರದಿ ಬರೆಯುತ್ತಾರೆ. ಹೆಚ್ಚಿನವರು ಇಲ್ಲಿಗೆ ಎಲ್ಲವೂ ಮುಗಿಯಿತು ಎಂದು ತಿಳಿಯುವುದೇ ತೊಂದರೆಯ ಮೂಲ. ‘ಪ್ರೂಫ್ ಆಫ್ ಲಾಸ್’ ಎಂಬ ಇನ್ನೊಂದು ಕಾಗದವಿದೆ. ನನಗೆ ಇಷ್ಟು ನಷ್ಟವಾಗಿದೆ, ಇಷ್ಟು ಹಣ ಬೇಕು ಎಂದು ಮನೆಯವರೇ ಪ್ರಮಾಣ ಮಾಡಿ ಸಹಿ ಹಾಕುವ ಪತ್ರ ಅದು. ಹಾನಿಯಾದ ದಿನದಿಂದ 60 ದಿನಗಳೊಳಗೆ ಅದು ಕಂಪೆನಿಗೆ ತಲುಪಬೇಕು. ಅಡ್ಜಸ್ಟರ್ ಸೌಜನ್ಯಕ್ಕಾಗಿ ನಮೂನೆಯನ್ನು ಕೊಡಬಹುದು, ತುಂಬಿಸಲು ಸಹಾಯ ಮಾಡಬಹುದು. ಆದರೆ ಅವರು ಕೊಡದೆ ಹೋದರೂ ಜವಾಬ್ದಾರಿ ಮನೆಯವರದೇ ಎಂದು ಪಾಲಿಸಿಯಲ್ಲೇ ಬರೆದಿದೆ. ಕಂಪೆನಿ ಕೊಡುವ ಮೊತ್ತ ಕಡಿಮೆಯೆನಿಸಿ ಹೆಚ್ಚು ಕೇಳುವವರಿಗಂತೂ ಇದು ಇಲ್ಲದೆ ದಾರಿಯಿಲ್ಲ.

ಒಂದು ಪತ್ರ ತಡವಾದರೆ ಸರಕಾರ ಅಷ್ಟು ಕಠಿಣವಾಗುವುದೇ? ಆಗುತ್ತದೆ. ಇದರ ಬೇರು 1947ರ ಒಂದು ತೀರ್ಪಿನಲ್ಲಿದೆ. ಐಡಹೊ ರಾಜ್ಯದ ರೈತರು ತಮ್ಮ ಗೋಧಿ ಬೆಳೆಗೆ ಸರಕಾರಿ ವಿಮೆ ಮಾಡಿಸಿದ್ದರು. ಹೆಚ್ಚಿನ ಭಾಗ ಮರುಬಿತ್ತನೆ ಮಾಡಿದ ಜಮೀನು ಎಂದು ಸ್ಥಳೀಯ ಅಧಿಕಾರಿಗಳಿಗೆ ಮೊದಲೇ ತಿಳಿಸಿದ್ದರು, ಅವರೂ ಒಪ್ಪಿದ್ದರು. ಬರಗಾಲದಲ್ಲಿ ಬೆಳೆ ಹೋಯಿತು. ಮರುಬಿತ್ತನೆಯ ಗೋಧಿಗೆ ವಿಮೆ ಇಲ್ಲ ಎಂಬ ನಿಯಮ ‘ಫೆಡರಲ್ ರಿಜಿಸ್ಟರ್’ ಎಂಬ ಸರಕಾರಿ ಗೆಜೆಟಿನಲ್ಲಿ ಪ್ರಕಟವಾಗಿದೆ ಎಂದು ವಿಮಾ ನಿಗಮ ಹಣ ನಿರಾಕರಿಸಿತು. ಗೆಜೆಟಿನಲ್ಲಿ ಬಂದದ್ದನ್ನು ಓದಿರಲಿ ಬಿಡಲಿ, ಅದು ಎಲ್ಲರನ್ನೂ ಕಟ್ಟುತ್ತದೆ ಎಂದು ಸುಪ್ರೀಂ ಕೋರ್ಟು ನಿಗಮದ ಪರವಾಗಿ ತೀರ್ಪಿತ್ತಿತು. ಒಂಬತ್ತು ನ್ಯಾಯಾಧೀಶರಲ್ಲಿ ನಾಲ್ವರು ಇದನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಪ್ರವಾಹ ವಿಮೆಯ ಪಾಲಿಸಿಯೂ ಸರಕಾರಿ ನಿಯಮವಾಗಿ ಪ್ರಕಟವಾದದ್ದು. ಆದ್ದರಿಂದ ಪ್ರೂಫ್ ಆಫ್ ಲಾಸ್ ಕೊಡದವರ ಮೊಕದ್ದಮೆಗಳನ್ನು ಅಲ್ಲಿನ ನ್ಯಾಯಾಲಯಗಳು ಇದೇ ತತ್ವದ ಮೇಲೆ ತಳ್ಳಿಹಾಕುತ್ತಾ ಬಂದಿವೆ.

ದೊಡ್ಡ ವಿಪತ್ತುಗಳಲ್ಲಿ ಫೆಮಾ ಸ್ವತಃ ಗಡುವು ಸಡಿಲಿಸಿದ್ದುಂಟು. 2005ರ ಕತ್ರಿನಾ ಚಂಡಮಾರುತದ ನಂತರ ಅಡ್ಜಸ್ಟರ್ ವರದಿಯ ಮೇಲೆಯೇ ಹಣ ಕೊಡಲು ಒಪ್ಪಿತು. ಆಗ ಕೊಟ್ಟ ಒಟ್ಟು ಪರಿಹಾರ 1,600 ಕೋಟಿ ಡಾಲರಿಗೂ ಹೆಚ್ಚು. 2012ರ ಸ್ಯಾಂಡಿಯ ನಂತರ ಗಡುವನ್ನು ಹಂತಹಂತವಾಗಿ ಎರಡು ವರ್ಷಗಳಿಗೆ ವಿಸ್ತರಿಸಿತು. ಆದರೆ ಸ್ಯಾಂಡಿಯಲ್ಲಿ ಬೇರೊಂದು ರೋಗ ಹೊರಬಿತ್ತು. ಮನೆಯನ್ನು ಕಣ್ಣಾರೆ ನೋಡಿದ ಇಂಜಿನಿಯರ್ ಬರೆದ ವರದಿಯನ್ನು, ಮನೆಯನ್ನು ನೋಡದವರು ಕಚೇರಿಯಲ್ಲಿ ಕುಳಿತು ತಿದ್ದಿದ್ದರೆಂದು ನ್ಯೂಯಾರ್ಕಿನ ಒಂದು ಮೊಕದ್ದಮೆಯಲ್ಲಿ ಕೇಂದ್ರ ನ್ಯಾಯಾಲಯ 2014ರಲ್ಲಿ ಹೇಳಿತು. ಕೂಗು ಎದ್ದಿತು. 2015ರಲ್ಲಿ ಫೆಮಾ ಸುಮಾರು 1.44 ಲಕ್ಷ ಪಾಲಿಸಿದಾರರಿಗೆ ತಿಳುವಳಿಕೆ ಕಳುಹಿಸಿ, ಬೇಕಾದವರ ಕಡತಗಳನ್ನು ಮತ್ತೆ ತೆರೆಯಿತು. ಜನರಿಂದ ಅಷ್ಟು ಕಟ್ಟುನಿಟ್ಟಿನ ಕಾಗದ ಕೇಳುವ ವ್ಯವಸ್ಥೆ ತನ್ನ ಕಡೆಯ ಕಾಗದವನ್ನು ಹೀಗೆ ನೋಡಿಕೊಂಡಿತ್ತು.

ಕಂಪೆನಿ ಲಿಖಿತವಾಗಿ ನಿರಾಕರಿಸಿದರೆ 60 ದಿನಗಳೊಳಗೆ ಫೆಮಾಕ್ಕೆ ಮೇಲ್ಮನವಿ ಸಲ್ಲಿಸಬಹುದು. 2003ರ ಇಸಬೆಲ್ ಚಂಡಮಾರುತದ ಸಂತ್ರಸ್ತರ ದೂರುಗಳ ಬೆನ್ನಿಗೆ 2004ರಲ್ಲಿ ಬಂದ ಕಾನೂನು ಈ ಹಕ್ಕನ್ನು ಕೊಟ್ಟಿತು. ಜನ ಬಾಯಿ ತೆರೆದದ್ದರಿಂದ ಬಂದ ಹಕ್ಕು. ಕೇಂದ್ರ ನ್ಯಾಯಾಲಯಕ್ಕೆ ಹೋಗಲು ನಿರಾಕರಣೆಯ ಪತ್ರದಿಂದ ಒಂದು ವರ್ಷ. ಮೇಲ್ಮನವಿ ಹಾಕಿದ್ದೇನೆಂದು ಆ ವರ್ಷ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ.

ಇನ್ನು ಕಡಿಮೆ ಜನರಿಗೆ ತಿಳಿದಿರುವ ವಿಷಯ. ಈ ನಮೂನೆಗಳನ್ನು ಅಧಿಕಾರಿಗಳು ಮನಸ್ಸಿಗೆ ಬಂದಂತೆ ಅಚ್ಚು ಹಾಕುವ ಹಾಗಿಲ್ಲ. 1980ರಲ್ಲಿ ಬಂದು 1995ರಲ್ಲಿ ಹೊಸ ರೂಪ ಪಡೆದ ‘ಪೇಪರ್‌ವರ್ಕ್ ರಿಡಕ್ಷನ್ ಆ್ಯಕ್ಟ್’, ಅಂದರೆ ಕಾಗದಪತ್ರದ ಹೊರೆ ತಗ್ಗಿಸುವ ಕಾಯ್ದೆಯ ಪ್ರಕಾರ, ಸರಕಾರ ಜನರಿಂದ ಮಾಹಿತಿ ಕೇಳುವ ಪ್ರತಿ ನಮೂನೆಗೂ ಅಧ್ಯಕ್ಷರ ಅಧೀನದ ಬಜೆಟ್ ಕಚೇರಿಯ ಒಪ್ಪಿಗೆ ಬೇಕು. ಒಪ್ಪಿಗೆಯ ಅವಧಿ ಗರಿಷ್ಠ ಮೂರು ವರ್ಷ. ನವೀಕರಿಸುವ ಮುನ್ನ ಫೆಮಾ ಅದೇ ಫೆಡರಲ್ ರಿಜಿಸ್ಟರಿನಲ್ಲಿ ಪ್ರಕಟಣೆ ಕೊಟ್ಟು 60 ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಆಮೇಲೆ ಬಜೆಟ್ ಕಚೇರಿಗೆ ಕಳುಹಿಸುವಾಗ ಇನ್ನೊಂದು ಪ್ರಕಟಣೆ, ಮತ್ತೆ 30 ದಿನ. ಐಡಹೊ ರೈತರ ಬಾಯಿ ಮುಚ್ಚಿಸಿದ ಗೆಜೆಟೇ ಇಲ್ಲಿ ಜನರನ್ನು ಮಾತನಾಡಿ ಎನ್ನುತ್ತದೆ.

ಕೇಳುವ ಪ್ರಶ್ನೆಗಳೂ ಸರಳ. ಈ ಮಾಹಿತಿ ನಿಜಕ್ಕೂ ಬೇಕೇ? ನಮೂನೆ ತುಂಬಲು ಇಷ್ಟು ಸಮಯ ಸಾಕು ಎಂಬ ನಮ್ಮ ಲೆಕ್ಕ ಸರಿಯೇ? ಪ್ರಶ್ನೆಗಳು ಸ್ಪಷ್ಟವಾಗಿವೆಯೇ? ಹೊರೆ ಕಡಿಮೆ ಮಾಡುವುದು ಹೇಗೆ? ಒಬ್ಬ ವೃದ್ಧೆ ಕೆಸರಿನ ಮನೆಯ ಸಾಮಾನು ಪಟ್ಟಿ ಮಾಡಲು ಎಷ್ಟು ದಿನ ಹಿಡಿಯಿತು ಎಂದು ನೋಡಿದವರು ಬರೆದರೆ, ಅದು ಈ ಎರಡನೇ ಪ್ರಶ್ನೆಗೆ ನೇರ ಉತ್ತರ. ವಕೀಲರ ಭಾಷೆ ಬೇಕಿಲ್ಲ. ಅಲ್ಲಿನ ಪ್ರಜೆಯೇ ಆಗಿರಬೇಕೆಂದೂ ಇಲ್ಲ. ರೆಗ್ಯುಲೇಷನ್ಸ್ ಡಾಟ್ ಗವ್ ಎಂಬ ಸರಕಾರಿ ಜಾಲತಾಣದಲ್ಲಿ ಉಚಿತವಾಗಿ ಸಲ್ಲಿಸಬಹುದು.

ಹೀಗಿದ್ದೂ ಎರಡನೇ ಪ್ರಕಟಣೆಯಲ್ಲಿ ‘ಯಾವ ಅಭಿಪ್ರಾಯವೂ ಬಂದಿಲ್ಲ’ ಎಂಬ ಒಂದು ಸಾಲು ಫೆಮಾದ ನಮೂನೆಗಳ ಬಗ್ಗೆ ಎಷ್ಟೋ ಸಾರಿ ಕಾಣುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಮನೆ ಮುಳುಗಿದಾಗ ಯಾರೂ ಗೆಜೆಟ್ ಓದುವುದಿಲ್ಲ. ಮನೆ ಒಣಗಿದ ಮೇಲೆ ನಮೂನೆಯ ನೆನಪೇ ಯಾರಿಗೂ ಬೇಡ. ನನ್ನ ಅಭಿಪ್ರಾಯದಲ್ಲಿ ಈ ಕೆಲಸ ಸಂತ್ರಸ್ತರಿಗಿಂತ ಅವರ ಪಕ್ಕ ಕುಳಿತು ಅರ್ಜಿ ತುಂಬಿಸಿದವರದು. ಕತ್ರಿನಾದ ನಂತರ ಕ್ಯಾಥೊಲಿಕ್ ಚಾರಿಟೀಸ್‌ನಂತಹ ಸಂಸ್ಥೆಗಳ ಕಾರ್ಯಕರ್ತರು ಕುಟುಂಬ ಕುಟುಂಬದ ಕಡತ ಹಿಡಿದು ನಡೆದರು. ಯಾವ ಕಾಲಮಿನಲ್ಲಿ ಜನ ತಡವರಿಸುತ್ತಾರೆ ಎಂದು ಇಂತಹವರಿಗೆ ಗೊತ್ತು, ಕಚೇರಿಗೆ ಗೊತ್ತಿಲ್ಲ.

ನಮ್ಮಲ್ಲಿಯೂ ಇದು ತೀರಾ ಅಪರಿಚಿತವಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದಿಂದ ಬೆಳೆ ಹೋದರೆ ರೈತರು 72 ಗಂಟೆಗಳೊಳಗೆ ತಿಳಿಸಬೇಕು. ಕರಡು ನಿಯಮಗಳಿಗೆ ಆಕ್ಷೇಪಣೆ, ಸಲಹೆ ಆಹ್ವಾನಿಸುವ ಪ್ರಕಟಣೆ ರಾಜ್ಯಪತ್ರದಲ್ಲಿ ಬರುತ್ತದೆ, ಓದುವವರು ಇಲ್ಲಿಯೂ ಕಡಿಮೆ.

ಅಮೆರಿಕಾದಲ್ಲಿರುವ ಮಕ್ಕಳೊಡನೆ ಫೋನಿನಲ್ಲಿ ಮಾತನಾಡುವಾಗ ಎರಡು ವಿಷಯ ಕೇಳಿ: ಪ್ರವಾಹ ವಿಮೆ ಬೇರೆಯಾಗಿ ಇದೆಯೇ, ಮನೆಯ ಕೋಣೆಗಳ ಫೋಟೋ ತೆಗೆದಿಟ್ಟಿದ್ದಾರೆಯೇ. ಪರಿಹಾರದ ಅರ್ಜಿ ತುಂಬಿಸಿದ ಅನುಭವ ಇದ್ದವರು ಬಜೆಟ್ ಕಚೇರಿ ಆ ನಮೂನೆಗಳಿಗೆ ಕೊಟ್ಟ 1660-0005 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಅಭಿಪ್ರಾಯ ಕೇಳುವ ಪ್ರಕಟಣೆಯನ್ನು ಈ ಸಂಖ್ಯೆಯಿಂದಲೇ ಹುಡುಕಬಹುದು.