ಹಲಗಲಿಯ ಹಾಡು ನಡೆದ ಹಾದಿ

ಮುಧೋಳ ತಾಲ್ಲೂಕಿನ ಹಲಗಲಿಯನ್ನು ಕಣ್ಣಾರೆ ಕಂಡವರಿಗಿಂತ ಅದರ ಹೆಸರನ್ನು ಕೇಳಿದವರೇ ಹೆಚ್ಚು. ಹಾಗೆ ಕೇಳಿದ್ದು ಕೂಡ ಇತಿಹಾಸದ ಗ್ರಂಥಗಳಿಂದಲ್ಲ, ಒಂದು ಲಾವಣಿಯಿಂದ. 1857ರಲ್ಲಿ ಆ ಊರಿನ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಕಂಪನಿ ಸರ್ಕಾರದ ವಿರುದ್ಧ ಸಿಡಿದೆದ್ದರು. ಕೆಲವೇ ದಿನಗಳಲ್ಲಿ ಊರು ಸುಟ್ಟು ಬೂದಿಯಾಯಿತು. ಆ ಬೂದಿಯಿಂದ ಎದ್ದ ಹಾಡು ಮಾತ್ರ ಉಳಿಯಿತು. ಡಪ್ಪಿನ ಬಡಿತಕ್ಕೆ ಹುಟ್ಟಿದ ಆ ಹಾಡು ಸರ್ಕಾರಿ ಅಧಿಕಾರಿಯೊಬ್ಬನ ಕೈಸೇರಿ, ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿ, ವಿದ್ವಾಂಸರ ಸಂಗ್ರಹಕ್ಕೆ ಬಂದು, ಕೊನೆಗೆ ಶಾಲೆಯ ಮಕ್ಕಳ ಪಠ್ಯವಾದ ಬಗೆ ಸ್ವಾರಸ್ಯಕರವಾದುದು. ಒಂದು ಜನಪದ ಗೀತೆ ಹೇಗೆ ಹುಟ್ಟುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಲು ಉತ್ತರ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಘಟನೆಯನ್ನು ನೋಡೋಣ. 1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಹೊತ್ತಿದ ಕಿಡಿ ಉತ್ತರ ಹಿಂದೂಸ್ತಾನವನ್ನೆಲ್ಲ ವ್ಯಾಪಿಸಿದಾಗ ಬ್ರಿಟಿಷರಿಗೆ ದಕ್ಷಿಣದ ಸಂಸ್ಥಾನಗಳ ಬಗೆಗೂ ಭಯ ಮೂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜನರ ಕೈಯಲ್ಲಿದ್ದ ಆಯುಧಗಳನ್ನು ನಿಯಂತ್ರಿಸುವ ಕಾಯ್ದೆ ಬಂದಿತು. ಮುಧೋಳ ಆಗ ಘೋರ್ಪಡೆ ಮನೆತನದ ಆಳ್ವಿಕೆಗೆ ಒಳಪಟ್ಟ ಸಂಸ್ಥಾನ. ಹಲಗಲಿ ಆ ಸಂಸ್ಥಾನಕ್ಕೆ ಸೇರಿದ ಹಳ್ಳಿ. ಅಲ್ಲಿನ ಬೇಡರಿಗೆ ಕತ್ತಿ, ಬಂದೂಕುಗಳು ಕೇವಲ ಲೋಹದ ವಸ್ತುಗಳಾಗಿರಲಿಲ್ಲ. ಬೇಟೆ, ಹೊಲದ ಕಾವಲು, ಊರಿನ ರಕ್ಷಣೆ, ಅರಸರ ದಂಡಿನಲ್ಲಿ ಚಾಕರಿ ಇವೆಲ್ಲ ಆಯುಧವನ್ನೇ ನಂಬಿದ್ದವು. ಆಯುಧ ಕೊಡು ಎಂದರೆ ಹೊಟ್ಟೆಪಾಡನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸು ಎಂದಂತೆ.

ಬೇಡರು ಒಪ್ಪಲಿಲ್ಲ. ನವೆಂಬರ್ ತಿಂಗಳಲ್ಲಿ ಪ್ರತಿಭಟನೆ ಬಹಿರಂಗವಾಯಿತು. ಸುತ್ತಲ ಹಳ್ಳಿಗಳವರೂ ಬಂದು ಕೂಡಿಕೊಂಡರು. ಹತ್ತಿರದ ಕಲಾದಗಿಯಲ್ಲಿ ಬ್ರಿಟಿಷರ ದಂಡಿನ ಛಾವಣಿಯಿತ್ತು. ಲೆಫ್ಟಿನೆಂಟ್ ಕರ್ನಲ್ ಮಾಲ್ಕಂನ ನೇತೃತ್ವದಲ್ಲಿ ಕುದುರೆ ದಂಡು ಬಂದು ನವೆಂಬರ್ ಕೊನೆಗೆ ಊರನ್ನು ಸುತ್ತುವರಿಯಿತು. ಅಗಸಿಯ ಒಳಗಿದ್ದವರು ಶರಣಾಗಲಿಲ್ಲ. ಕಡೆಗೆ ಊರಿಗೆ ಬೆಂಕಿ ಬಿದ್ದಿತು. ಅನೇಕರು ಸತ್ತರು. ಸುಮಾರು 290 ಮಂದಿ ಸೆರೆಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು, 14ರಂದು ಹಲಗಲಿಯಲ್ಲೇ ಆರು ಜನರನ್ನು ಗಲ್ಲಿಗೇರಿಸಲಾಯಿತು. ನೋಡುವವರಿಗೆ ಪಾಠವಾಗಲಿ ಎಂಬುದು ಇಂಥ ಬಹಿರಂಗ ಶಿಕ್ಷೆಗಳ ಉದ್ದೇಶ. ಮರುವರ್ಷ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದು ನಿಂತದ್ದನ್ನು ನೋಡಿದರೆ ಆ ಪಾಠ ಸರ್ಕಾರ ಬಯಸಿದಷ್ಟು ನಾಟಲಿಲ್ಲ ಎನ್ನಬೇಕು.

ದಾಖಲೆಗಳ ಪ್ರಕಾರ ಪ್ರಕರಣ ಇಲ್ಲಿಗೆ ಮುಗಿಯಿತು. ಹಾಡು ಆರಂಭವಾಗುವುದು ಈ ಘಟ್ಟದಿಂದ.

ಆ ಕಾಲದಲ್ಲಿ ಹಳ್ಳಿಗೆ ಸುದ್ದಿಪತ್ರಿಕೆ ಬರುತ್ತಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಹುಟ್ಟಿದ್ದು 1843ರಲ್ಲಿ. ಅದನ್ನು ಓದಬಲ್ಲವರು ಎಲ್ಲೋ ಕೆಲವರು. ಊರಿಂದೂರಿಗೆ ಸುದ್ದಿ ಒಯ್ಯುವ ಕೆಲಸವನ್ನು ಲಾವಣಿಕಾರರು ಮಾಡುತ್ತಿದ್ದರು. ಜಾತ್ರೆ, ಹಬ್ಬ, ಸಂತೆಗಳಲ್ಲಿ ಒಬ್ಬ ಮುಖ್ಯ ಹಾಡುಗಾರ ಡಪ್ಪು ಹಿಡಿದು ನಿಲ್ಲುತ್ತಿದ್ದ. ಹಿಂದೆ ಒಬ್ಬಿಬ್ಬರು ತುಂತುಣಿ, ತಾಳ ಹಿಡಿದು ಸೊಲ್ಲಿನ ಕೊನೆಯನ್ನು ಎತ್ತಿಕೊಳ್ಳುತ್ತಿದ್ದರು. ದೇವರ ಮಹಿಮೆ, ಪುರಾಣದ ಕತೆಗಳ ಜೊತೆಗೆ ಬರಗಾಲ, ಕೊಲೆ, ದಂಗೆ, ಹೊಸ ತೆರಿಗೆ ಎಲ್ಲವೂ ಅವರಿಗೆ ವಸ್ತು. ಹಾಡು ದೀರ್ಘವಾಗಿದ್ದರೂ ಕೇಳುವವರು ಕದಲುತ್ತಿರಲಿಲ್ಲ. ಏಕೆಂದರೆ ಅದು ತಮ್ಮ ಸೀಮೆಯಲ್ಲೇ ನಡೆದ ಸಂಗತಿ. ಹೆಸರು ಹಿಡಿದು ಹೇಳಿದರೆ ಸತ್ತವರನ್ನು ಗುರುತಿಸುವವರು ಆ ಗುಂಪಿನಲ್ಲೇ ಇರುತ್ತಿದ್ದರು.

ಹಲಗಲಿಯ ಲಾವಣಿಯನ್ನು ಕಟ್ಟಿದವನ ಹೆಸರು ಹಾಡಿನಲ್ಲಿಲ್ಲ. ಆದರೆ ಕೊನೆಗೆ ಕುರ್ತಕೋಟಿಯ ಕಲ್ಮೇಶನ ಸ್ಮರಣೆ ಬರುತ್ತದೆ. ವಚನಕಾರರಿಗೆ, ದಾಸರಿಗೆ ಅಂಕಿತವಿದ್ದಂತೆ ಲಾವಣಿಕಾರರಿಗೂ ತಮ್ಮ ಊರಿನ ದೇವರೇ ಅಂಕಿತ. ಆ ಒಂದು ಗುರುತಿನಿಂದ ಹಾಡಿನ ವಿಳಾಸ ಸಿಗುತ್ತದೆ. ಕುರ್ತಕೋಟಿ ಈಗ ಗದಗ ಜಿಲ್ಲೆಯಲ್ಲಿದೆ. 1997ರವರೆಗೆ ಧಾರವಾಡ ಜಿಲ್ಲೆಯ ಊರು. ಹಲಗಲಿಯಿಂದ ಅಲ್ಲಿಗೆ ಮಲಪ್ರಭೆಯನ್ನು ದಾಟಿ ದಕ್ಷಿಣಕ್ಕೆ ಸುಮಾರು ನೂರು ಕಿಲೋಮೀಟರ್ ಬರಬೇಕು. ಮುಧೋಳ ಸಂಸ್ಥಾನದ ಗಡಿಯೊಳಗಿನ ಒಂದು ಹಳ್ಳಿಯ ದುರಂತ ಗದಗಿನ ಮಗ್ಗುಲಲ್ಲಿ ಹಾಡಾಯಿತೆಂದರೆ ಸುದ್ದಿ ಎಷ್ಟು ದೂರ ನಡೆದಿತ್ತು ಎಂಬುದು ತಿಳಿಯುತ್ತದೆ. ಸಂಸ್ಥಾನದ ಗಡಿ, ಕಂಪನಿಯ ಗಡಿ ಹಾಡಿಗೆ ಅಡ್ಡ ಬರಲಿಲ್ಲ.

ಹಾಡು ಹೇಳುವುದೇನು? ವಿಲಾಯತಿಯಿಂದ ಹುಕುಂ ಬಂದಿತೆಂದು ಅದು ಶುರುವಾಗುತ್ತದೆ. ಕಾಯ್ದೆ ಆದದ್ದು ಕಲ್ಕತ್ತೆಯಲ್ಲಿ. ಆದರೆ ಹಳ್ಳಿಯವನಿಗೆ ಕಲ್ಕತ್ತೆಯೂ ಒಂದೇ, ಲಂಡನ್ನೂ ಒಂದೇ. ತನ್ನನ್ನು ಕಾಣದವರು ತನ್ನ ಮೇಲೆ ಹೊರಿಸಿದ ಅಪ್ಪಣೆ ಎಂಬುದೇ ಮುಖ್ಯ. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ಮುಖಂಡರು ಆಯುಧ ಕೊಡುವುದಿಲ್ಲವೆಂದು ಗಟ್ಟಿ ಮಾಡಿಕೊಳ್ಳುತ್ತಾರೆ. ಹೇಳಲು ಬಂದ ಕಾರಕೂನನಿಗೆ ಏಟು ಬೀಳುತ್ತದೆ. ದಂಡು ಬರುತ್ತದೆ. ಆಂಗ್ಲ ಅಧಿಕಾರಿಗಳ ಹೆಸರುಗಳು ಊರಿನ ನಾಲಿಗೆಗೆ ಒಗ್ಗಿಕೊಂಡು ಹೆಬಲಕ್ ಸಾಹೇಬ, ಕಾರ್ ಸಾಹೇಬ ಎಂದಾಗಿವೆ. ಮುಂದೆ ಕಾದಾಟ. ಒಬ್ಬೊಬ್ಬ ವೀರನ ಪರಾಕ್ರಮಕ್ಕೂ ಒಂದೊಂದು ನುಡಿ ಮೀಸಲು. ಎಣಿಕೆಯಲ್ಲಿ ಉತ್ಪ್ರೇಕ್ಷೆ ಇದ್ದರೆ ಆಶ್ಚರ್ಯವಿಲ್ಲ. ವೀರಗಾಥೆಯ ಧರ್ಮವೇ ಅದು.

ಆದರೆ ಈ ಲಾವಣಿಯ ನಿಜವಾದ ಶಕ್ತಿ ಕಾದಾಟದ ವರ್ಣನೆಯಲ್ಲಿಲ್ಲ, ನಂತರ ಬರುವ ಲೂಟಿಯ ಪಟ್ಟಿಯಲ್ಲಿದೆ. ದಂಡಿನವರು ಮನೆಗಳಿಗೆ ನುಗ್ಗಿ ಏನೇನು ಒಯ್ದರು ಎಂಬುದನ್ನು ಹಾಡು ಒಂದೊಂದಾಗಿ ಹೇಳುತ್ತದೆ. ಕೊಡಲಿ, ಕಬ್ಬಿಣದಂಥ ವಸ್ತುಗಳು ಹೋದದ್ದು ಸಹಜ, ಬಂದದ್ದೇ ಆಯುಧಕ್ಕಾಗಿ. ಆದರೆ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಅಡುಗೆ ಮನೆಯ ಉಪ್ಪು, ಎಣ್ಣೆ, ಜೀರಿಗೆ, ಹಾಲು, ಮೊಸರು ಬರುತ್ತವೆ. ಊಟದ ಗಂಗಾಳ, ನೀರಿನ ಚರಗಿ ಬರುತ್ತವೆ. ಹೆಣ್ಣುಮಕ್ಕಳ ಮಂಗಳಸೂತ್ರ ಬರುತ್ತದೆ. ಬೀಸುವ ಕಲ್ಲೂ ಬರುತ್ತದೆ. ಆಯುಧ ಕೊಡಿ ಎಂದು ಬಂದ ಸರ್ಕಾರ ಜೀರಿಗೆಯನ್ನೂ ಬಿಡಲಿಲ್ಲ ಎಂದು ಕವಿ ಬಾಯಿಬಿಟ್ಟು ಟೀಕಿಸುವುದಿಲ್ಲ. ಪಟ್ಟಿ ಕೊಟ್ಟು ಸುಮ್ಮನಾಗುತ್ತಾನೆ. ಕೇಳಿದವರಿಗೆ ಅರ್ಥವಾಗುತ್ತದೆ.

ಸರ್ಕಾರದ ಲೆಕ್ಕಕ್ಕೂ ಹಾಡಿನ ಲೆಕ್ಕಕ್ಕೂ ಇರುವ ವ್ಯತ್ಯಾಸ ಇದೇ. ಸರ್ಕಾರ ಸೆರೆಯಾದವರನ್ನೂ ಗಲ್ಲಿಗೇರಿದವರನ್ನೂ ತಾರೀಖಿನೊಂದಿಗೆ ಬರೆದಿಟ್ಟಿತು. ಹಾಡಿನಲ್ಲಿ ತಾರೀಖಿಲ್ಲ, ಕಾನೂನಿನ ಹೆಸರಿಲ್ಲ. ಅದರ ಭಾರವೆಲ್ಲ ಕಾದಾಟದ ಮೇಲೆ, ಹಾಳಾದ ಮನೆಗಳ ಮೇಲೆ. ಯಾವ ಊರಿನಲ್ಲಿ ಏಕೆ ದಂಗೆಯಾಯಿತು ಎಂದು ತಿಳಿಯಲು ದಾಖಲೆ ಬೇಕು. ದಂಗೆಯ ಮರುದಿನ ಆ ಊರಿನ ಹೆಂಗಸು ಒಲೆಯ ಮುಂದೆ ಕುಳಿತಾಗ ಏನು ಇರಲಿಲ್ಲ ಎಂದು ತಿಳಿಯಲು ಹಾಡೇ ಬೇಕು.

ಇಂಥ ಹಾಡು ಕಾಗದಕ್ಕೆ ಇಳಿದದ್ದು ಯಾರಿಂದ ಎಂಬುದು ಇನ್ನೊಂದು ವಿಚಿತ್ರ. ಹಲಗಲಿಯನ್ನು ಸುಟ್ಟ ಆಡಳಿತದ ಮುಂದಿನ ತಲೆಮಾರಿನ ಅಧಿಕಾರಿಯೇ ಅದನ್ನು ಸಂಗ್ರಹಿಸಿದ. ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದವನು. ಕನ್ನಡ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತ ಕನ್ನಡ ಕಲಿತ. ಶಾಸನಗಳನ್ನು ಓದಿ ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆದವನೆಂದು ನಮ್ಮ ವಿದ್ವಾಂಸರು ಅವನನ್ನು ಇಂದಿಗೂ ನೆನೆಯುತ್ತಾರೆ. ಅವನೇ ಜನರ ಬಾಯಿಂದ ಲಾವಣಿಗಳನ್ನು ಬರೆಸಿಕೊಂಡು, 1885ರಿಂದ ಮುಂದೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಹಲಗಲಿ ಬೇಡರ ಹಾಡಿನ ಜೊತೆಗೆ ಸಂಗೊಳ್ಳಿ ರಾಯಣ್ಣನ ದಂಗೆಯ ಹಾಡು, ಸಂಗ್ಯಾನ ಪ್ರೇಮ ಮತ್ತು ಕೊಲೆಯ ಹಾಡು, ಸರ್ಕಾರ ಹೇರಿದ ವರಮಾನ ತೆರಿಗೆಯನ್ನು ಕುರಿತ ಹಾಡು ಅದರಲ್ಲಿದ್ದವು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅರ್ಧ ಶತಮಾನ ಕಳೆದರೂ ಜನ ಅವನನ್ನು ಹಾಡುತ್ತಿದ್ದರು ಎಂಬುದಕ್ಕೆ ಆಳುವವರ ಪತ್ರಿಕೆಯೇ ಸಾಕ್ಷಿಯಾಯಿತು.

ಫ್ಲೀಟನದು ಏಕಾಂಗಿ ಹುಚ್ಚಾಗಿರಲಿಲ್ಲ. ಆ ಕಾಲದಲ್ಲಿ ಪಶ್ಚಿಮದಲ್ಲಿ ಹಳೆಯ ಕಥನಗೀತೆಗಳನ್ನು ಕೂಡಿಸುವ ಉತ್ಸಾಹ ಎದ್ದಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು ಸಂಪಾದಿಸಿದ ಸಂಪುಟಗಳು 1882ರಿಂದ ಹೊರಬರತೊಡಗಿದವು. ಮುಂದೆ 1916ರಲ್ಲಿ ಇಂಗ್ಲೆಂಡಿನ ಸೆಸಿಲ್ ಶಾರ್ಪ್ ಅಮೆರಿಕದ ಅಪಲೇಶಿಯನ್ ಬೆಟ್ಟಗಳ ಗುಡಿಸಲುಗಳಿಗೆ ಹೋಗಿ, ವಲಸೆ ಬಂದವರ ಮೊಮ್ಮಕ್ಕಳ ಬಾಯಲ್ಲಿ ಉಳಿದಿದ್ದ ಹಳೆಯ ಹಾಡುಗಳನ್ನು ಬರೆದುಕೊಂಡ. ಆ ಬೆಟ್ಟಗಳಲ್ಲಿ ಹೊಸ ಹಾಡುಗಳೂ ಹುಟ್ಟಿದ್ದವು. ಕೊಲೆಯ ಆಪಾದನೆಯ ಮೇಲೆ 1868ರಲ್ಲಿ ಗಲ್ಲಿಗೇರಿದ ಟಾಮ್ ಡೂಲಾ ಎಂಬ ಮಾಜಿ ಸೈನಿಕನ ಹಾಡು ಅಂಥದೊಂದು. ಸ್ಥಳೀಯ ಉಚ್ಚಾರದಲ್ಲಿ ಡೂಲಾ ಹೋಗಿ ಡೂಲಿಯಾದ. 1958ರಲ್ಲಿ ಗಾಯಕರ ತಂಡವೊಂದು ಹಾಡಿದ ಧ್ವನಿಮುದ್ರಿಕೆಯಿಂದ ಅದು ಜಗತ್ಪ್ರಸಿದ್ಧವಾಯಿತು. ಊರಿನ ದುರಂತ, ಅಲ್ಲಿಯ ನಾಲಿಗೆಗೆ ತಿರುಗಿದ ಹೆಸರು, ಸಂಗ್ರಾಹಕನ ಕೈ, ಬಳಿಕ ದೂರದ ಕೇಳುಗರು: ಹಾದಿ ಎರಡೂ ಕಡೆ ಒಂದೇ. ಒಂದು ವ್ಯತ್ಯಾಸವೆಂದರೆ ಟಾಮ್ ಡೂಲಿಯ ಹಾಡು ಧ್ವನಿಮುದ್ರಿಕೆಯ ಬೆನ್ನೇರಿ ಹೋಯಿತು. ಹಲಗಲಿಯ ಹಾಡು ಪುಸ್ತಕದ ಬೆನ್ನೇರಿತು.

ಕನ್ನಡಿಗರೇ ತಮ್ಮ ಹಾಡುಗಳನ್ನು ಬರೆದಿಡಲು ಮನಸ್ಸು ಮಾಡಿದ್ದು ಸ್ವಲ್ಪ ತಡವಾಗಿ. ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಸೇರಿ 1931ರಲ್ಲಿ ‘ಗರತಿಯ ಹಾಡು’ ತಂದರು. ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುತ್ತ ಹೇಳುವ ತ್ರಿಪದಿಗಳಿಗೆ ಅದರಿಂದ ಸಾಹಿತ್ಯದ ಮನ್ನಣೆ ದೊರೆಯಿತು. ಅದೇ ಗೆಳೆಯರ ಬಳಗ ಲಾವಣಿಗಳನ್ನೂ ಸಂಗ್ರಹಿಸಿತು. ಮುಂದೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ನೆಲೆಗೊಂಡ ಮೇಲೆ ಜನಪದ ಗೀತೆ ಸಂಶೋಧನೆಯ ವಿಷಯವಾಯಿತು. ಆ ಗೀತೆಗಳ ಮೇಲೆ ಅಲ್ಲಿ ಡಾಕ್ಟರೇಟ್ ಪಡೆದ ಬಿ.ಎಸ್. ಗದ್ದಗಿಮಠರು ಸಂಪಾದಿಸಿದ ಸಂಗ್ರಹದಲ್ಲಿ ಹಲಗಲಿಯ ಲಾವಣಿಗೆ ಸ್ಥಾನ ಸಿಕ್ಕಿತು. ಇಂಗ್ಲಿಷ್ ಬಲ್ಲ ಪಂಡಿತರ ಪತ್ರಿಕೆಯಲ್ಲಿ ಮಲಗಿದ್ದ ಹಾಡು ಹೀಗೆ ಕನ್ನಡ ಓದುಗರ ಮುಂದೆ ಬಂದಿತು.

ಈ ನಡುವೆ ಹಾಡಿನ ಮಟ್ಟೂ ಸುಮ್ಮನಿರಲಿಲ್ಲ. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಹುಲಕುಂದದ ಭೀಮಕವಿಯಂಥವರು ಇದೇ ಡಪ್ಪು, ಇದೇ ತುಂತುಣಿ ಹಿಡಿದು ಗೀಗೀ ಪದಗಳ ಮೂಲಕ ದೇಶಭಕ್ತಿಯನ್ನು ಹಳ್ಳಿಗೆ ಒಯ್ದರು. ಸಂಗ್ಯಾನ ಕತೆ ಸಣ್ಣಾಟವಾಗಿ ರಂಗವೇರಿ, ಚಂದ್ರಶೇಖರ ಕಂಬಾರರ ಲೇಖನಿಯಿಂದ ಆಧುನಿಕ ನಾಟಕವೂ ಆಯಿತು. ರಾಯಣ್ಣನ ಕತೆ ಬೆಳ್ಳಿತೆರೆಗೆ ಹೋಯಿತು. ಹಲಗಲಿಯ ಬೇಡರ ಪಾಲಿಗೆ ಬಂದದ್ದು ಶಾಲೆ. ರಾಜ್ಯದ ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡ ಪಠ್ಯಪುಸ್ತಕದಲ್ಲಿ ಈ ಲಾವಣಿಯನ್ನು ಸೇರಿಸಿದ್ದರಿಂದ ಬೀದರದಿಂದ ಚಾಮರಾಜನಗರದವರೆಗಿನ ಮಕ್ಕಳು ಅದನ್ನು ಓದುವಂತಾಯಿತು.

ಇದರಿಂದ ಲಾಭವೂ ಆಗಿದೆ, ನಷ್ಟವೂ ಆಗಿದೆ. ಬಾಯಲ್ಲಿದ್ದಾಗ ಹಾಡು ಹಾಡುಗಾರನಿಗೆ ತಕ್ಕಂತೆ ಬೆಳೆಯುತ್ತಿತ್ತು, ಬದಲಾಗುತ್ತಿತ್ತು. ಅಚ್ಚಾದ ಮೇಲೆ ಒಂದು ಪಾಠವೇ ಅಧಿಕೃತವಾಯಿತು. ಡಪ್ಪಿನ ಪೆಟ್ಟು, ಹಿಮ್ಮೇಳದ ಸೊಲ್ಲು ಪುಸ್ತಕದಲ್ಲಿ ಕೇಳಿಸುವುದಿಲ್ಲ. ಧಾರವಾಡ ಕಡೆಯ ಆಡುಮಾತಿನ ಪದಗಳಿಗೆ ಮೈಸೂರು ಸೀಮೆಯ ವಿದ್ಯಾರ್ಥಿ ಅರ್ಥಕೋಶ ನೋಡಬೇಕು. ಲೂಟಿಯಾದ ವಸ್ತುಗಳ ಪಟ್ಟಿ ಪರೀಕ್ಷೆಯ ಪ್ರಶ್ನೆಯಾಗಿ, ಅಂಕಕ್ಕಾಗಿ ಬಾಯಿಪಾಠವಾಗುವುದೂ ಉಂಟು. ಆದರೂ ಆಡಳಿತದ ಬರಹದಲ್ಲಿ ಪುಂಡರೆಂದು ಕರೆಸಿಕೊಂಡ ಸಮುದಾಯವೊಂದರ ಹೆಸರು, ವೀರರ ಹೆಸರಾಗಿ ನಾಡಿನ ತರಗತಿಗಳಲ್ಲಿ ಕೇಳಿಬರುವುದು ಸಣ್ಣ ಸಂಗತಿಯಲ್ಲ. ಅದನ್ನು ಸಾಧಿಸಿದ್ದು ಯಾವ ಇತಿಹಾಸಕಾರನೂ ಅಲ್ಲ, ತನ್ನ ಹೆಸರು ಹೇಳದೆ ದೇವರ ಹೆಸರಿಟ್ಟುಹೋದ ಒಬ್ಬ ಹಾಡುಗಾರ.

ಬೀಸುವ ಕಲ್ಲು ಹೋದ ಮನೆಯಲ್ಲಿ ಹಿಟ್ಟು ಮಾತ್ರವಲ್ಲ, ನಸುಕಿನ ಹಾಡೂ ನಿಲ್ಲುತ್ತದೆ. ಹಲಗಲಿಯಲ್ಲಿ ಅಂದು ನಿಂತ ದನಿಗೆ ಕುರ್ತಕೋಟಿಯ ಡಪ್ಪು ಉತ್ತರ ಕೊಟ್ಟಿತು. ಆಯುಧಗಳನ್ನು ಕಸಿದವರು ಊರಿನಲ್ಲಿದ್ದುದನ್ನೆಲ್ಲ ಒಯ್ದೆವೆಂದು ತಿಳಿದಿರಬೇಕು. ಒಯ್ದದ್ದೇನೆಂಬ ಪಟ್ಟಿ ಜನರ ಬಳಿಯೇ ಉಳಿದುಕೊಂಡಿತು.