ಸಹೋದ್ಯೋಗಿಯ ಕಾರು, ಸಂಸ್ಥೆಯ ಅಂಗಳ: ಆಕಸ್ಮಿಕ ಹಾನಿಯ ಹೊಣೆಯನ್ನು ಕುರಿತು

ಕಚೇರಿ ಅಥವಾ ಕಾರ್ಖಾನೆಯ ಅಂಗಳದಲ್ಲಿ ಒಬ್ಬ ನೌಕರನಿಂದ ಇನ್ನೊಬ್ಬ ನೌಕರನ ಕಾರಿಗೆ ಪೆಟ್ಟಾದರೆ ವಿವಾದ ನ್ಯಾಯಾಲಯದ ಮೆಟ್ಟಿಲೇರುವುದು ಅಪರೂಪ. ಆಡಳಿತ ವಿಭಾಗದವರು ಮಧ್ಯೆ ಬರುತ್ತಾರೆ, ಗ್ಯಾರೇಜಿನಿಂದ ಅಂದಾಜುಪಟ್ಟಿ ತರಿಸುತ್ತಾರೆ, ಮುಂದಿನ ಸಂಬಳದಲ್ಲಿ ಅಷ್ಟನ್ನು ಮುರಿದುಕೊಂಡು ವಿಷಯ ಮುಗಿಯಿತೆನ್ನುತ್ತಾರೆ. ಇದರ ಬಿಸಿ ಹೆಚ್ಚು ತಟ್ಟುವುದು ವಾಹನಗಳ ನಡುವೆಯೇ ದುಡಿಯುವ ಕಡಿಮೆ ಸಂಬಳದವರಿಗೆ: ಕಾವಲು ಸಿಬ್ಬಂದಿಗೆ, ವ್ಯಾನ್ ಚಾಲಕರಿಗೆ, ಸರಕಿನ ತಳ್ಳುಗಾಡಿ ನೂಕುವವರಿಗೆ. ಈ ರೂಢಿಗೆ ನಮ್ಮ ಕಾನೂನಿನಲ್ಲಿರುವ ಆಧಾರ ತೀರಾ ತೆಳು ಎಂಬುದು ಈ ಲೇಖನದ ವಾದ. ಅಜಾಗರೂಕತೆ ಯಾರದು ಎಂದು ಕೇಳಿದ ಮೇಲೆ, ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ ಯಾರದು ಎಂದೂ ಕೇಳಲೇಬೇಕು.

ಮೊದಲು ಕ್ರಿಮಿನಲ್ ಹೊಣೆಯ ಮಾತನ್ನು ಬದಿಗಿರಿಸಬಹುದು. ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 324ರಲ್ಲಿ ಸೊತ್ತಿನ ಹಾನಿ ಅಪರಾಧವಾಗಬೇಕಾದರೆ ಹಾನಿ ಮಾಡುವ ಉದ್ದೇಶವೋ, ಹಾನಿ ಆದೀತೆಂಬ ಅರಿವೋ ಇರಬೇಕು. ಹಿಂದಿನ ದಂಡಸಂಹಿತೆಯ ಕಲಂ 425 ಹೇಳಿದ್ದೂ ಇದನ್ನೇ. ಕೈತಪ್ಪಿ ತಗುಲಿದ ಏಣಿ, ಹಿಮ್ಮುಖವಾಗಿ ಬರುತ್ತಿದ್ದ ವ್ಯಾನಿನ ಬಂಪರ್ ಈ ವ್ಯಾಪ್ತಿಗೆ ಬರುವುದಿಲ್ಲ. ಉಳಿಯುವುದು ಸಿವಿಲ್ ಹೊಣೆ. ಅಲ್ಲಿ ಕಾರಿನ ಮಾಲೀಕರು ಎಚ್ಚರಿಕೆಯ ಕರ್ತವ್ಯ ಇತ್ತು, ಅದು ತಪ್ಪಿತು, ಅದರಿಂದಲೇ ನಷ್ಟವಾಯಿತು ಎಂದು ಸಾಬೀತುಪಡಿಸಬೇಕು. ದಾವೆ ಹೂಡಲು ಕಾಲಮಿತಿ ಕಾಯಿದೆ, 1963 ಮೂರು ವರ್ಷ ಕೊಡುತ್ತದೆ.

ಕೆಲಸ ಯಾರದು ಎಂಬ ಪ್ರಶ್ನೆಯ ಆಳ ಕಾಣುವುದು ಇಂಗ್ಲೆಂಡಿನ ಲಿಸ್ಟರ್ ಪ್ರಕರಣದಲ್ಲಿ. 1949ರ ಜನವರಿಯಲ್ಲಿ ರಾಮ್‌ಫರ್ಡ್ ಐಸ್ ಅಂಡ್ ಕೋಲ್ಡ್ ಸ್ಟೋರೇಜ್ ಕಂಪನಿಯ ಲಾರಿ ಚಾಲಕ ಮಾರ್ಟಿನ್ ಲಿಸ್ಟರ್ ಒಂದು ಕಸಾಯಿಖಾನೆಯ ಅಂಗಳದಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಅದೇ ಕಂಪನಿಯ ನೌಕರನಾಗಿದ್ದ ಅವನ ತಂದೆಗೆ ಪೆಟ್ಟಾಯಿತು. ತಂದೆ ಕಂಪನಿಯ ಮೇಲೆ ದಾವೆ ಹೂಡಿ ಪರಿಹಾರ ಪಡೆದ. ಹಣ ಕೊಟ್ಟಿದ್ದು ವಿಮಾ ಸಂಸ್ಥೆ. ಆಮೇಲೆ ಅದೇ ವಿಮಾ ಸಂಸ್ಥೆ ಕಂಪನಿಯ ಹೆಸರಿನಲ್ಲಿ ಮಗನ ಮೇಲೆ ದಾವೆ ಹೂಡಿತು. 1956ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ಎಚ್ಚರಿಕೆಯಿಂದ ಕೆಲಸ ಮಾಡುತ್ತೇನೆಂಬ ಕರಾರು ಪ್ರತಿಯೊಂದು ನೌಕರಿಯಲ್ಲೂ ಅಡಗಿರುತ್ತದೆ, ಅದನ್ನು ಮುರಿದ ಮಗ ಕಂಪನಿಗೆ ನಷ್ಟ ತುಂಬಿಕೊಡಬೇಕು ಎಂದರು. ಲಾರ್ಡ್ ರ‍್ಯಾಡ್‌ಕ್ಲಿಫ್ ಮತ್ತು ಲಾರ್ಡ್ ಸಾಮರ್‌ವೆಲ್ ಒಪ್ಪಲಿಲ್ಲ.

ತರ್ಕದ ದೃಷ್ಟಿಯಿಂದ ಬಹುಮತದ ತೀರ್ಪಿನಲ್ಲಿ ಬಿರುಕಿಲ್ಲ. ಆದರೆ ಅದರ ಫಲ ನೋಡಿ: ವಾಹನ ಕಂಪನಿಯದು, ಕೆಲಸ ಕಂಪನಿಯದು, ವಿಮೆಯ ಕಂತು ಕಟ್ಟಿದ್ದೂ ಕಂಪನಿಯೇ, ಕೊನೆಗೆ ಭಾರ ಇಳಿದದ್ದು ಚಾಲಕನ ಹೆಗಲ ಮೇಲೆ. ಈ ಫಲವನ್ನು ಬ್ರಿಟನ್ನಿನ ವಿಮಾ ಸಂಸ್ಥೆಗಳೇ ಅರಗಿಸಿಕೊಳ್ಳಲಾಗದೆ, ನೌಕರನೊಡನೆ ಶಾಮೀಲು ಅಥವಾ ದುರುದ್ದೇಶ ಕಂಡುಬಂದ ಹೊರತು ಈ ಹಕ್ಕನ್ನು ಚಲಾಯಿಸುವುದಿಲ್ಲವೆಂದು ತಮ್ಮೊಳಗೆ ಒಪ್ಪಂದ ಮಾಡಿಕೊಂಡವು. 1973ರಲ್ಲಿ ಫೋರ್ಡ್ ಕಾರ್ಖಾನೆಯ ಫೋರ್ಕ್‌ಲಿಫ್ಟ್ ಚಾಲಕನಿಂದ ಹಣ ವಸೂಲು ಮಾಡುವ ಇಂಥದೇ ಪ್ರಯತ್ನವನ್ನು ಲಾರ್ಡ್ ಡೆನಿಂಗ್ ಅವರಿದ್ದ ಮೇಲ್ಮನವಿ ಪೀಠ ಬಹುಮತದಿಂದ ತಡೆಯಿತು. ಲಿಸ್ಟರ್ ಪ್ರಕರಣದಲ್ಲಿ ಪೆಟ್ಟಾದದ್ದು ದೇಹಕ್ಕೆ. ಅಲ್ಲಿ ಸಹೋದ್ಯೋಗಿಯ ಕಾರು ನಿಂತಿದ್ದರೂ ಹೊಣೆಯ ಸರಪಳಿ ಹೀಗೆಯೇ ಸಾಗುತ್ತಿತ್ತು.

ನೌಕರನು ಕೆಲಸದ ಅವಧಿಯಲ್ಲಿ, ಕೆಲಸದ ಭಾಗವಾಗಿ ಮಾಡಿದ ತಪ್ಪಿಗೆ ಮಾಲೀಕನೂ ಹೊಣೆ ಎಂಬ ತತ್ವ ಭಾರತದಲ್ಲಿ ಸ್ಥಿರವಾಗಿದೆ. ಪುಷ್ಪಾಬಾಯಿ ಉದೇಶಿ ಪ್ರಕರಣದಲ್ಲಿ (1977) ಕಂಪನಿಯ ವ್ಯವಸ್ಥಾಪಕರು ಓಡಿಸುತ್ತಿದ್ದ ಕಂಪನಿಯ ಕಾರು ರಸ್ತೆ ಬಿಟ್ಟು ಮರಕ್ಕೆ ಬಡಿದಿತ್ತು. ಇಂಥ ಘಟನೆಯೇ ಅಜಾಗರೂಕತೆಗೆ ಮೇಲ್ನೋಟದ ಸಾಕ್ಷಿ ಎಂದ ಸುಪ್ರೀಂ ಕೋರ್ಟ್ ಕಂಪನಿಯನ್ನು ಹೊಣೆಯಾಗಿಸಿತು. ಇನ್ನೊಂದು ತುದಿಯಲ್ಲಿ ಸೀತಾರಾಮ್ ಮೋತಿಲಾಲ್ ಕಲಾಲ್ ಪ್ರಕರಣವಿದೆ (1966). ಟ್ಯಾಕ್ಸಿಯಾಗಿ ಓಡಿಸಲು ಕೊಟ್ಟಿದ್ದ ಕಾರನ್ನು ಕ್ಲೀನರ್ ಒಬ್ಬ ತನ್ನ ಪರವಾನಗಿ ಪರೀಕ್ಷೆಗೆಂದು ಓಡಿಸುವಾಗ ಅಪಘಾತವಾಯಿತು. ಅದು ಮಾಲೀಕನ ಕೆಲಸವಲ್ಲವೆಂದು ಬಹುಮತದ ತೀರ್ಪು ಬಂತು. ಆದ್ದರಿಂದ ಸರಕು ಇಳಿಸುವಾಗ ತಳ್ಳುಗಾಡಿ ಜಾರಿ ಸಹೋದ್ಯೋಗಿಯ ಕಾರಿಗೆ ತಗುಲಿದರೆ ಸಂಸ್ಥೆ ಹೊಣೆ. ಸಂಜೆ ಮನೆಗೆ ಹೊರಟವನು ಸ್ವಂತ ಬೈಕನ್ನು ಹೊರತೆಗೆಯುವಾಗ ಗೀರಿದರೆ, ಜಾಗ ಸಂಸ್ಥೆಯದೆಂಬ ಒಂದೇ ಕಾರಣಕ್ಕೆ ಸಂಸ್ಥೆ ಹೊಣೆಯಾಗದು.

ಬೆಂಗಳೂರಿನಂಥ ಊರಿನಲ್ಲಿ ಜಾಗ ಸಾಲದೆ ಒಂದರ ಹಿಂದೊಂದು ಕಾರು ನಿಲ್ಲಿಸಿ ಕೀಲಿಕೈಯನ್ನು ಕಾವಲು ಸಿಬ್ಬಂದಿಯ ಬಳಿ ಬಿಡುವ ಏರ್ಪಾಡು ಇದಕ್ಕಿಂತ ಜಟಿಲ. ಕೀಲಿಕೈ ಮಾಲೀಕರ ಜೇಬಿನಲ್ಲೇ ಇದ್ದರೆ ಸಂಸ್ಥೆ ಕೊಟ್ಟದ್ದು ಜಾಗ ಬಳಸುವ ಅನುಮತಿ ಮಾತ್ರ. ಸಂಸ್ಥೆಯೇ ಮಾಡಿದ ಏರ್ಪಾಡಿನಂತೆ ಕೀಲಿಕೈ ಕೊಟ್ಟ ಕ್ಷಣ ಕಾರು ಸಂಸ್ಥೆಯ ವಶಕ್ಕೆ ಬಂದಂತೆ. ಆಗ ಭಾರತೀಯ ಕರಾರು ಕಾಯಿದೆ, 1872ರ ಕಲಂ 148 ಮತ್ತು 151 ಅನ್ವಯಿಸುತ್ತವೆ. ಬಾಡಿಗೆ ಪಡೆಯದಿದ್ದರೂ ಸಾಧಾರಣ ವಿವೇಕಿಯೊಬ್ಬ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ಅಲ್ಲಿ ಕಡ್ಡಾಯ. ವಾಹನಗಳಿಗೆ ಮಾಲೀಕರೇ ಜವಾಬ್ದಾರರು ಎಂಬ ಫಲಕ ತೂಗುಹಾಕಿ ಸ್ವಂತ ಅಜಾಗರೂಕತೆಯಿಂದ ಪಾರಾಗಲಾಗದೆಂದು 2019ರ ತಾಜ್ ಮಹಲ್ ಹೋಟೆಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿನ ವಿವಾದ ಹೋಟೆಲ್ ಸಿಬ್ಬಂದಿ ನಿಲ್ಲಿಸಿದ ಕಾರಿನ ಕಳವಿನದು. ಆದರೂ ಕೀಲಿಕೈ ಪಡೆದವರ ಹೊಣೆಯ ತತ್ವ ಕಚೇರಿಗೂ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾವಲು ಸಿಬ್ಬಂದಿ ಗುತ್ತಿಗೆ ಏಜೆನ್ಸಿಯವರಾದರೆ, ಅವರ ಕೆಲಸದ ಮೇಲೆ ನಿಯಂತ್ರಣ ಯಾರಿಗಿತ್ತು ಎಂಬ ಪ್ರಶ್ನೆ ಏಳುತ್ತದೆ. ಅದು ಏಜೆನ್ಸಿ ಮತ್ತು ಸಂಸ್ಥೆಯ ನಡುವಿನ ಲೆಕ್ಕ.

ಕಾರಿಗೆ ಸಮಗ್ರ ವಿಮೆ ಇದ್ದರೆ ಮಾಲೀಕರಿಗೆ ನಷ್ಟವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ವಿಮೆಯಲ್ಲಿ ಕ್ಲೇಮು ಮಾಡಿದರೆ ಕಡ್ಡಾಯ ಕಡಿತದ ಮೊತ್ತ ಕೈಯಿಂದ ಹೋಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ರೂಢಿಯ ಪಾಲಿಸಿಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ, ಮತ್ತು ಹೆಚ್ಚಾಗಿ ಪೆಟ್ಟು ತಿನ್ನುವ ಬಂಪರ್ ಪ್ಲಾಸ್ಟಿಕ್ಕಿನದೇ. ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ ಶೇ. 50ರ ನೋ ಕ್ಲೇಮ್ ಬೋನಸ್ ಒಂದೇ ಏಟಿಗೆ ಅಳಿಸಿಹೋಗಬಹುದು. ಈ ಮೊತ್ತಗಳೂ ಸಂಸ್ಥೆ ತುಂಬಿಕೊಡಬೇಕಾದ ನಷ್ಟದೊಳಗೆ ಸೇರಬೇಕು. ಹಾನಿ ಮಾಡಿದ್ದು ಸಂಸ್ಥೆಯ ವಾಹನವಾಗಿದ್ದರೆ ಅದರ ಮೂರನೆಯ ವ್ಯಕ್ತಿಯ ವಿಮೆಯತ್ತ ನೋಡಬಹುದು. ಮೋಟಾರು ವಾಹನ ಕಾಯಿದೆ, 1988 ಕಡ್ಡಾಯ ವಿಮೆಯನ್ನು ಸಾರ್ವಜನಿಕ ಸ್ಥಳಕ್ಕೆ ಕಟ್ಟಿಹಾಕಿದೆ ನಿಜ. ಆದರೆ ಸಾರ್ವಜನಿಕರಿಗೆ ನಿಯಂತ್ರಿತ ಪ್ರವೇಶವಿರುವ ಖಾಸಗಿ ಆವರಣವೂ ಅದರೊಳಗೆ ಬರುತ್ತದೆಂದು ಮುಂಬೈ ಹೈಕೋರ್ಟಿನ ಪೂರ್ಣಪೀಠ 1988ರಲ್ಲೇ ಹೇಳಿದೆ.

ಇನ್ನು ಸಂಬಳದ ಮಾತು. ವೇತನ ಪಾವತಿ ಕಾಯಿದೆ, 1936ರ ಕಲಂ 7 ಕಡಿತಕ್ಕೆ ಅನುಮತಿಸಿದ ಸಂದರ್ಭಗಳನ್ನು ಪಟ್ಟಿ ಮಾಡಿ, ಅದರಾಚೆ ಕೈಹಾಕಕೂಡದೆಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019ರ ಕಲಂ 18 ಅದೇ ಚೌಕಟ್ಟನ್ನು ಉಳಿಸಿಕೊಂಡಿದೆ. ಹಾನಿಯ ಕಾರಣಕ್ಕೆ ಕಡಿತ ಮಾಡಬೇಕಾದರೆ ವಸ್ತುವನ್ನು ಜೋಪಾನ ಮಾಡಲೆಂದು ಆ ನೌಕರನಿಗೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ಹಾನಿ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಕಲಂ 21ರಂತೆ ಕಡಿತ ಹಾನಿಯ ಮೊತ್ತವನ್ನು ಮೀರಕೂಡದು. ಮೊದಲು ನೌಕರನಿಗೆ ಕಾರಣ ಹೇಳಿಕೊಳ್ಳುವ ಅವಕಾಶ ಕೊಡಬೇಕು. ತಳ್ಳುಗಾಡಿ ನೂಕುತ್ತಿದ್ದವನಿಗೆ ಪಕ್ಕದ ಕಾರನ್ನು ಯಾರೂ ಒಪ್ಪಿಸಿರಲಿಲ್ಲ. ಅವನ ಸಂಬಳದಿಂದ ಒಂದು ರೂಪಾಯಿ ಮುರಿಯುವುದೂ ಕಾನೂನುಬಾಹಿರ. ಕೀಲಿಕೈ ಹಿಡಿದ ಕಾವಲು ಸಿಬ್ಬಂದಿಯ ವಿಷಯದಲ್ಲಿ ವಾದಕ್ಕೆ ಎಡೆಯಿದೆ. ಆದರೂ ಕಾರು ಸರಿಸುವ ತರಬೇತಿ ಕೊಡದೆ, ಕೆಲವೊಮ್ಮೆ ಚಾಲನಾ ಪರವಾನಗಿಯನ್ನೂ ವಿಚಾರಿಸದೆ ಆ ಕೆಲಸ ಹಚ್ಚಿದ ಸಂಸ್ಥೆ, ಹಾನಿ ನೇರವಾಗಿ ಅವರ ನಿರ್ಲಕ್ಷ್ಯದಿಂದಲೇ ಆಯಿತೆಂದು ಯಾವ ಬಾಯಲ್ಲಿ ಹೇಳೀತು?

ನೌಕರನಿಂದ ಒಪ್ಪಿಗೆಪತ್ರ ಬರೆಸಿಕೊಂಡರೂ ಪ್ರಯೋಜನವಿಲ್ಲ. ಸಂಹಿತೆಯಡಿ ಬರಬೇಕಾದ ಹಣದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಲಂ 60ರಂತೆ ಶೂನ್ಯ. ಇಬ್ಬರು ಸಹೋದ್ಯೋಗಿಗಳು ಕುಳಿತು ಮಾತಾಡಿ, ಒಬ್ಬರು ತಾವಾಗಿ ಹಣ ಕೊಡುವುದಕ್ಕೆ ಅಡ್ಡಿಯಿಲ್ಲ. ಸಂಬಳ ಹಂಚುವವರು ಆ ವ್ಯವಹಾರದ ವಸೂಲಿಗೆ ನಿಲ್ಲುವಂತಿಲ್ಲ. ಹಳೆಯ ಕಾಯಿದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿಯ ಮಿತಿಗೆ ನಿಂತಿತ್ತು. ಸಂಹಿತೆ ಆ ಮಿತಿಯನ್ನು ತೆಗೆದಿರುವುದರಿಂದ ಸಾಫ್ಟ್‌ವೇರ್ ಎಂಜಿನಿಯರೂ ಈಗ ಈ ರಕ್ಷಣೆಗೆ ಒಳಪಡುತ್ತಾರೆ. ಅಕ್ರಮ ಕಡಿತವಾದರೆ ಕಲಂ 45ರಡಿ ಮೂರು ವರ್ಷದೊಳಗೆ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಕಡಿತದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿದೆ. ಕೊಡಬೇಕಾದ ವೇತನ ಕೊಟ್ಟಿದ್ದೇವೆಂದು ರುಜುವಾತುಪಡಿಸುವ ಹೊರೆ ಕಲಂ 59ರಂತೆ ಸಂಸ್ಥೆಯ ಮೇಲಿದೆ.